ಹಲಗಲಿ ಲಾವಣಿ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ

ಮಾಧ್ಯಮ ಕಾನೂನಿನ ಚರಿತ್ರೆಯನ್ನು ಮುದ್ರಣದಿಂದಲೇ ಆರಂಭಿಸುವ ಪಠ್ಯಗಳು ಮೌಖಿಕ ಪರಂಪರೆಯನ್ನು ಅಲಕ್ಷಿಸುತ್ತವೆ. ಬ್ರಿಟಿಷ್ ಆಡಳಿತವು 1857ರ ಜೂನ್‌ನಲ್ಲಿ ಮುದ್ರಣಾಲಯಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಆಯುಧಗಳಿಗೂ ಅದೇ ಕಟ್ಟಳೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸದೆ ನವೆಂಬರ್‌ನಲ್ಲಿ ಬಂಡೆದ್ದರು. ದಂಗೆ ಅಡಗಿತು, ಲಾವಣಿ ಉಳಿಯಿತು. ಹಾಡಿಗೆ ಅಚ್ಚಿನ ಮೊಳೆ ಬೇಕಿರಲಿಲ್ಲ. ಪರವಾನಗಿಯ ಅಂಕುಶವೂ ತಟ್ಟಲಿಲ್ಲ.

1880ರ ದಶಕದಲ್ಲಿ ಈ ಲಾವಣಿಯನ್ನು ಸಂಗ್ರಹಿಸಿದವರು ಅದೇ ಆಡಳಿತದ ಅಧಿಕಾರಿ ಜೆ.ಎಫ್. ಫ್ಲೀಟ್ ಎಂಬುದು ಗಮನಾರ್ಹ. ಆದರೆ ಅಧಿಕಾರಿಯ ವಿದ್ವತ್ಕುತೂಹಲವು ಪ್ರಜೆಯ ಹಕ್ಕಾಗಲಾರದು. ಆ ಹಕ್ಕು ದೊರೆತದ್ದು 1950ರಲ್ಲಿ, ಸಂವಿಧಾನದ 19(1)(ಎ) ವಿಧಿಯಿಂದ. ಅದು ಪತ್ರಿಕೆಯನ್ನೂ ಹಾಡನ್ನೂ ಸಮಾನವಾಗಿ ರಕ್ಷಿಸುತ್ತದೆ. 19(2)ರ ಸಮಂಜಸ ನಿರ್ಬಂಧಗಳು ಎರಡಕ್ಕೂ ಅನ್ವಯಿಸುತ್ತವೆ. ಆದ್ದರಿಂದ ಸಂವಹನ ವಿದ್ಯಾರ್ಥಿಯ ಮೊದಲ ಪಾಠದಲ್ಲಿ ಹಲಗಲಿಗೂ ಸ್ಥಾನವಿರಬೇಕು.