‘ಮದ್ದು’ ಎಂಬ ಪದಕ್ಕೆ ಎಷ್ಟು ಅಂಕ? ಜನರ ಅಪಾಯಪ್ರಜ್ಞೆಯನ್ನು ಯಂತ್ರ ಊಹಿಸುವುದರ ಕುರಿತು

ಇವತ್ತು ನಾನು ಒಂದು ಸಂಶೋಧನಾ ವಿಧಾನವನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದನ್ನು ತಳ್ಳಿಹಾಕುವ ಉದ್ದೇಶ ಇಲ್ಲ. ಅದು ಎಲ್ಲಿವರೆಗೆ ಸರಿ, ಎಲ್ಲಿಂದ ಆಚೆಗೆ ನಮ್ಮಂಥ ಗಡಿನಾಡಿನವರು ಅದರ ಕಣ್ಣಿಗೆ ಬೀಳುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಹಿನ್ನೆಲೆ. 1978ರಲ್ಲಿ ಬರೂಕ್ ಫಿಶಾಫ್, ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು ಅಮೆರಿಕದ ಒರೆಗಾನ್‌ನಲ್ಲಿ 30 ಚಟುವಟಿಕೆ, ತಂತ್ರಜ್ಞಾನಗಳನ್ನು ಜನರ ಮುಂದಿಟ್ಟು ಒಂಬತ್ತು ಅಳತೆಗಳಲ್ಲಿ ಅಂಕ ಕೇಳಿದರು. ಈ ಅಪಾಯ ನಾವಾಗಿ ಆರಿಸಿಕೊಂಡದ್ದೇ? ಕೂಡಲೇ ತಟ್ಟುವುದೇ? ನಮ್ಮ ಹಿಡಿತದಲ್ಲಿ ಉಂಟೇ? ಹೊಸದೇ? ನೆನೆದರೆ ಎದೆ ನಡುಗುವುದೇ? ಹೀಗೆ. 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸ್ಲೋವಿಕ್ ಕೊಟ್ಟ ಪಟ್ಟಿ ನಿಮಗೆ ಗೊತ್ತಿರಬಹುದು. ಅಣುವಿದ್ಯುತ್ತನ್ನು ಮಹಿಳಾ ಮತದಾರರ ಒಕ್ಕೂಟದವರು 1ನೇ ಸ್ಥಾನದಲ್ಲಿಟ್ಟರು, ತಜ್ಞರು 20ನೇ ಸ್ಥಾನದಲ್ಲಿಟ್ಟರು. ಕ್ಷ-ಕಿರಣದಲ್ಲಿ ಉಲ್ಟಾ: ತಜ್ಞರಿಗೆ ಅದು 7, ಒಕ್ಕೂಟದವರಿಗೆ 22. ಅಂದರೆ ಜನ ಸಾವಿನ ಲೆಕ್ಕ ಒಂದನ್ನೇ ನೋಡಿ ಹೆದರುವುದಿಲ್ಲ. ಭೀತಿ, ಅಪರಿಚಿತತೆ ಎರಡೂ ಸೇರಿ ಕೆಲಸ ಮಾಡ್ತವೆ.

ಈ ವಿಧಾನದ ತೊಡಕು, ಪ್ರತಿಯೊಂದು ಅಪಾಯಕ್ಕೂ ಜನರನ್ನು ಕೂರಿಸಿ ಕೇಳಬೇಕು. 2013ರಲ್ಲಿ ಗೂಗಲ್‌ನ ತೊಮಾಶ್ ಮಿಕೊಲೊವ್ ತಂಡ ವರ್ಡ್‌ಟುವೆಕ್ ತಂದಿತು. ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆ ಎಂಬುದನ್ನು ನೋಡಿ ಪ್ರತಿ ಪದವನ್ನೂ ಸಂಖ್ಯೆಗಳ ಸಾಲಾಗಿ ಬರೆಯುವ ಉಪಾಯ ಇದು. ಇಂಗ್ಲಿಷ್ ಸುದ್ದಿಬರಹದ ಸುಮಾರು 10,000 ಕೋಟಿ ಪದಗಳಿಂದ ಕಲಿತು, ಒಂದೊಂದು ಪದಕ್ಕೂ 300 ಸಂಖ್ಯೆ ಕೊಟ್ಟರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸುದೀಪ್ ಭಾಟಿಯಾ 2019ರಲ್ಲಿ ‘ಮ್ಯಾನೇಜ್‌ಮೆಂಟ್ ಸೈನ್ಸ್’ನಲ್ಲಿ ಇದನ್ನು ಅಪಾಯಪ್ರಜ್ಞೆಗೆ ಜೋಡಿಸಿದರು. ಕೆಲವು ಅಪಾಯಗಳಿಗೆ ಜನ ಕೊಟ್ಟ ಅಂಕವನ್ನೂ ಆ ಪದಗಳ ಸಂಖ್ಯೆಗಳನ್ನೂ ಯಂತ್ರಕ್ಕೆ ತೋರಿಸಿ, ನಂತರ ಅದು ನೋಡದ ಅಪಾಯಗಳ ಅಂಕ ಊಹಿಸು ಅಂದರು. ಊಹೆ ಚೆನ್ನಾಗಿಯೇ ಕೂಡಿತು. ಇದು ಸಣ್ಣ ಸಾಧನೆ ಅಲ್ಲ. ಖರ್ಚು ಕಡಿಮೆ, ಬೇಗ ಆಗ್ತದೆ, ಸಾವಿರಾರು ಅಪಾಯಗಳಿಗೆ ಹಬ್ಬಿಸಬಹುದು.

ಈಗ ಇದನ್ನು ಕಾಸರಗೋಡಿನ ಎಣ್ಮಕಜೆಗೆ ತರೋಣ. ಈ ಜಿಲ್ಲೆಯ ಸುಮಾರು 4,700 ಹೆಕ್ಟೇರ್ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ನನ್ನ ಆಕ್ಷೇಪಗಳು ಮೂರು.

ಒಂದು, ಪದದ್ದು. ನಮ್ಮಲ್ಲಿ ಕೀಟನಾಶಕ ಅಂತ ಯಾರೂ ಹೇಳುವುದಿಲ್ಲ, ‘ಮದ್ದು ಬಿಡುವುದು’ ಅಂತಲೇ ಹೇಳುವುದು. ಅಡಿಕೆಗೆ ಬೋರ್ಡೋ ಬಿಡುವುದೂ ಮದ್ದು, ಡಾಕ್ಟರು ಕೊಡುವುದೂ ಮದ್ದು. ಮಲಯಾಳದ ‘ಮರುನ್ನ್’ ಕೂಡ ಹಾಗೆಯೇ. ಪದಕ್ಕೊಂದೇ ಸಾಲು ಸಂಖ್ಯೆ ಕೊಡುವ ಮಾದರಿ ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬ್ತದೆ. 2018ರಲ್ಲಿ ಬಂದ 157 ಭಾಷೆಗಳ ಫಾಸ್ಟ್‌ಟೆಕ್ಸ್ಟ್ ಸಂಗ್ರಹದಲ್ಲಿ ಕನ್ನಡವೂ ಉಂಟು. ಅದು ಪದವನ್ನು ಅಕ್ಷರತುಣುಕುಗಳಾಗಿ ಒಡೆದು ಓದುವುದರಿಂದ ವಿಭಕ್ತಿ ಹಚ್ಚಿದ ನಮ್ಮ ಉದ್ದನೆಯ ಪದಗಳಿಗೆ ಅನುಕೂಲವೇ. ಆದರೆ ಅದೇ ಕಾರಣಕ್ಕೆ ಮನೆಮದ್ದು, ಮದ್ದುಗುಂಡು ಎರಡೂ ‘ಮದ್ದಿ’ನ ಜೊತೆ ತುಣುಕು ಹಂಚಿಕೊಳ್ತವೆ. ವಾಕ್ಯದ ಸಂದರ್ಭ ನೋಡಿ ಅರ್ಥ ಬದಲಿಸುವ ಬರ್ಟ್‌ನಂಥ ಮಾದರಿಗಳು ಈ ಗಂಟನ್ನು ತಕ್ಕಮಟ್ಟಿಗೆ ಬಿಡಿಸಬಹುದು, ಒಪ್ಪುತ್ತೇನೆ. ಆದರೆ ಅದಕ್ಕೂ ‘ಮದ್ದು’ ಈ ಅರ್ಥದಲ್ಲಿ ಬರುವ ವಾಕ್ಯಗಳು ಎಲ್ಲೋ ಬರಹದಲ್ಲಿ ಇರಬೇಕು.

ಅಲ್ಲಿಗೇ ಎರಡನೆಯ ಆಕ್ಷೇಪ, ಕಾಲದ್ದು. ಪಡ್ರೆಯ ಕಡೆ ಕರುಗಳು ಅಂಗ ಊನವಾಗಿ ಹುಟ್ಟುವುದನ್ನು ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳನ್ನು ಗುರುತಿಸಿದ್ದೂ ಸಿಂಪಡಣೆ ನಡೆಯುತ್ತಿದ್ದ ಕಾಲದಲ್ಲೇ. ಆದರೆ ದೊಡ್ಡ ಪತ್ರಿಕೆಗಳಲ್ಲಿ ಅಕ್ಷರದ ಹೊಳೆ ಹರಿದದ್ದು ಆಮೇಲೆ. ಸುಪ್ರೀಂ ಕೋರ್ಟಿನ ನಿಷೇಧ 2011ರ ಮೇ ತಿಂಗಳಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂಬ ಆದೇಶ 2017ರಲ್ಲಿ. 1990ರ ಬರಹದಿಂದ ಕಲಿತ ಯಂತ್ರ ಎಣ್ಮಕಜೆಯಲ್ಲಿ ಆತಂಕ ಇಲ್ಲ ಅಂತಲೇ ವರದಿ ಕೊಡ್ತಿತ್ತು. ಬರಹ ಇಲ್ಲದಿರುವುದನ್ನು ಭಯ ಇಲ್ಲದಿರುವುದು ಎಂದು ಓದಿಬಿಡುವ ಅಪಾಯ ಇಲ್ಲಿದೆ. ಸಹಾಯ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ಊಹೆ ಹೆಚ್ಚು ತಪ್ಪುತ್ತದೆ.

ಮೂರು, ಸರಾಸರಿಯದ್ದು. ಸಿಂಪಡಣೆಯ ದಿನ ಬಾವಿಯಾದರೆ ಮುಚ್ಚಬಹುದು. ಗುಡ್ಡ ಕೊರೆದ ಸುರಂಗದಿಂದ ಸದಾ ಹರಿದು ಬರುವ ನೀರನ್ನು ಏನು ಮಾಡ್ತೀರಿ? ಸ್ಲೋವಿಕ್ ಹೇಳುವ ‘ಹಿಡಿತ’ ಎಂಬ ಅಳತೆ ಇಲ್ಲಿ ಮನೆಯಿಂದ ಮನೆಗೆ, ನೀರಿನ ಮೂಲಕ್ಕೆ ತಕ್ಕಂತೆ ಬದಲಾಗ್ತದೆ. ತೋಟದಲ್ಲೇ ಕೂಲಿ ಮಾಡುವವರಿಗೆ ಹೆದರಿಕೆಯ ಜೊತೆ ಅನ್ನದ ಪ್ರಶ್ನೆಯೂ ಉಂಟು. ಪದ ಒಂದಕ್ಕೆ ಅಂಕ ಒಂದು ಎಂಬ ಮಾದರಿಯಲ್ಲಿ ಇದು ಯಾವುದೂ ಉಳಿಯುವುದಿಲ್ಲ. ‘ಸಾರ್ವಜನಿಕರು’ ಎಂಬ ಒಬ್ಬ ಮನುಷ್ಯ ಇದ್ದಾನೆ ಎಂದು ನಂಬಿದರೆ ಮಾತ್ರ ಆ ಅಂಕಕ್ಕೆ ಅರ್ಥ.

ಮಾದರಿ ನಿಖರ ಎಂದು ತೋರಿಸುವ ಪರೀಕ್ಷೆಯನ್ನೂ ಗಮನಿಸಿ. ಅಲ್ಲಿ ಹೊಸತಾಗಿ ಬರುವುದು ಅಪಾಯಗಳು, ಜನ ಅಲ್ಲ. ಒಂದು ಸಮುದಾಯದ ಅಂಕದಿಂದ ಕಲಿತು ಇನ್ನೊಂದು ಸಮುದಾಯದ ಮನಸ್ಸನ್ನು ಹೇಳಬಲ್ಲದೇ ಎಂಬುದು ಬೇರೆಯೇ ಪರೀಕ್ಷೆ. ಅದನ್ನು ಮಾಡದೆ ಯಾವ ಇಲಾಖೆಯೂ ಈ ಊಹೆಯನ್ನು ಗ್ರಾಮಸಭೆಯ ಬದಲಿಗೆ ಇಟ್ಟುಕೊಳ್ಳಬಾರದು.

ಹಾಗಾದರೆ ಮಾಡಬೇಕಾದದ್ದೇನು? ಊರವರ ಪದಗಳಲ್ಲೇ ಪ್ರಶ್ನೆ ಕೇಳಿ ಸಣ್ಣದಾದರೂ ನಮ್ಮದೇ ಅಂಕಸಂಗ್ರಹ ಮಾಡುವುದು. ಸರಾಸರಿಯ ಜೊತೆ ಭಿನ್ನಾಭಿಪ್ರಾಯ ಎಷ್ಟು ಚೆದರಿದೆ ಎಂಬುದನ್ನೂ ಪ್ರಕಟಿಸುವುದು. ಬರಹ ತೆಳುವಾಗಿರುವ ಕಡೆ ‘ಕಡಿಮೆ ಅಪಾಯಪ್ರಜ್ಞೆ’ ಎನ್ನದೆ ‘ಹೇಳಲಾಗದು’ ಎನ್ನುವಂತೆ ಮಾದರಿಯನ್ನು ಕಟ್ಟುವುದು.

ಪ್ರಶ್ನೆ (ಸೊಲ್ಲಾಪುರದಿಂದ): ಸರ್, ನಮ್ಮ ಕಡೆ ಮನ್ಯಾಗ ಕನ್ನಡ ಮಾತಾಡ್ತೀವಿ, ಪೇಪರ್ ಮರಾಠಿ ಓದ್ತೀವಿ. ನಮ್ಮ ಭಯ ಯಾವ ಭಾಷೆಯ ಲೆಕ್ಕಕ್ಕ ಬರ್ತದ?

ಉತ್ತರ: ಈಗಿನ ಮಾದರಿಯಲ್ಲಿ ಎರಡರಲ್ಲೂ ಅರ್ಧಂಬರ್ಧ. ಮರಾಠಿ ಬರಹದಲ್ಲಿ ನಿಮ್ಮ ಮನೆಮಾತು ಇಲ್ಲ, ಕರ್ನಾಟಕದ ಕನ್ನಡ ಬರಹದಲ್ಲಿ ನಿಮ್ಮ ಊರು ಅಪರೂಪ. ಅದಕ್ಕೇ ನಾನು ಹೇಳುವುದು, ಮೊದಲು ಕೇಳಬೇಕು, ಆಮೇಲೆ ಊಹಿಸಬೇಕು. ಕೇಳುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳೇ ಸಾಕು, ಈ ರಜೆಯಲ್ಲೇ ಶುರು ಮಾಡಬಹುದು. ನೀವು ಸೊಲ್ಲಾಪುರದ ಪದಪಟ್ಟಿ ಕಳಿಸಿ, ನಾವು ಕಾಸರಗೋಡಿನದ್ದು ಕಳಿಸ್ತೇವೆ.