‘ಶ್ವಾಸ್’: ಕಣ್ಣೀರು ಮತ್ತು ಖರ್ಚಿನ ಲೆಕ್ಕ

ನಮ್ಮ ಸಿನಿಮಾಗಳಲ್ಲಿ ಕ್ಯಾನ್ಸರ್ ಬಹಳ ಹಿಂದಿನಿಂದಲೂ ಇದೆ. ಅದರ ಖರ್ಚು ಕಾಣಿಸಿಕೊಳ್ಳುವುದು ಮಾತ್ರ ಅಪರೂಪ. ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971) ನೋಡಿ ನಮ್ಮ ಹಿರಿಯರು ಅತ್ತರು. ಆಮೇಲೆ ಟಿ.ವಿ.ಯಲ್ಲಿ ನೋಡಿ ನಾವೂ ಅತ್ತೆವು. ಸಾವು ಬಾಗಿಲಿಗೆ ಬಂದು ನಿಂತಿದ್ದರೂ ಆನಂದ್ ನಗುತ್ತಾನೆ, ಸುತ್ತಲಿನವರನ್ನು ನಗಿಸುತ್ತಾನೆ. ಅವನ ಮದ್ದಿಗೆ ದುಡ್ಡು ಎಲ್ಲಿಂದ ಬಂತು ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ. ಅಲ್ಲಿ ರೋಗವೆಂಬುದು ಬದುಕಿನ ತತ್ವ ಹೇಳಲು ಸಿಕ್ಕ ಒಂದು ನೆಪ. ಆದರೆ ರೋಗಿ ಪುಟ್ಟ ಮಗುವಾಗಿದ್ದರೆ, ಮನೆ ಬಡವರದ್ದಾಗಿದ್ದರೆ ಆ ನೆಪ ಸಾಲುವುದಿಲ್ಲ. ಈ ಕಾರಣಕ್ಕೇ ಮರಾಠಿಯ ‘ಶ್ವಾಸ್’ ಬಂದು ಎರಡು ದಶಕ ಕಳೆದರೂ ಅದರ ಬಗ್ಗೆ ಮತ್ತೆ ಮಾತಾಡಬೇಕೆನಿಸುತ್ತದೆ.

ಸಂದೀಪ್ ಸಾವಂತ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 2004ರಲ್ಲಿ. ಮಾಧವಿ ಘಾರ್ಪುರೆಯವರ ಕಥೆಯೊಂದು ಇದಕ್ಕೆ ಆಧಾರ. 1953ನೇ ಸಾಲಿನ ‘ಶ್ಯಾಮಚಿ ಆಯಿ’ಯ ನಂತರ ಅರ್ಧ ಶತಮಾನ ಕಳೆದು, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಗೆ ತಂದುಕೊಟ್ಟದ್ದು ಇದೇ ಚಿತ್ರ. ಕೊಂಕಣದ ಹಳ್ಳಿಯ ಅಜ್ಜನೊಬ್ಬ ಮೊಮ್ಮಗ ಪರಶುರಾಮನನ್ನು ಕರೆದುಕೊಂಡು ನಗರದ ಆಸ್ಪತ್ರೆಗೆ ಬರುತ್ತಾನೆ. ಹುಡುಗನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಪರೀಕ್ಷೆ ಮಾಡಿದರೆ ರೆಟಿನೋಬ್ಲಾಸ್ಟೋಮಾ. ಎಳೆಯ ಮಕ್ಕಳ ಅಕ್ಷಿಪಟಲದಲ್ಲಿ ಹುಟ್ಟುವ ಕ್ಯಾನ್ಸರ್. ಜೀವ ಉಳಿಯಬೇಕಾದರೆ ಎರಡೂ ಕಣ್ಣುಗಳನ್ನು ತೆಗೆಯಬೇಕು. ಇದು ಕಥೆ.

ಇಷ್ಟು ಕೇಳಿದರೆ ಸಾಕು, ಕರವಸ್ತ್ರ ತೆಗೆಯುವ ಚಿತ್ರ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಾವಂತ್ ಮಗುವನ್ನು ಕನಿಕರದ ವಸ್ತುವನ್ನಾಗಿ ಮಾಡುವುದಿಲ್ಲ. ಅಶ್ವಿನ್ ಚಿತಳೆ ಎಂಬ ಬಾಲಕ ನಟಿಸಿದ ಪರಶುರಾಮ ಹಟಮಾರಿ, ತುಂಟ, ಸಿಟ್ಟುಬಂದರೆ ಯಾರ ಮಾತೂ ಕೇಳದವನು. ಆಸ್ಪತ್ರೆಗೆ ಬಂದಮೇಲೂ ಅವನು ಮೊದಲು ಮಗು, ಆಮೇಲೆ ರೋಗಿ. ಅಜ್ಜನಾಗಿ ಅರುಣ್ ನಲಾವಡೆಯವರದು ಮಾತು ಕಡಿಮೆ. ಡಾಕ್ಟರ್ ಹೇಳಿದ್ದು ಅವರ ಕಿವಿಗೆ ಬಿದ್ದು ಮನಸ್ಸಿಗೆ ಇಳಿಯಲು ಹಿಡಿಯುವ ಹೊತ್ತನ್ನು ಕ್ಯಾಮೆರಾ ತಾಳ್ಮೆಯಿಂದ ಕಾಯುತ್ತದೆ. ಡಾಕ್ಟರ್ ಸಾನೆ ದುಷ್ಟನಲ್ಲ, ದೇವರೂ ಅಲ್ಲ, ಸಮಯವಿಲ್ಲದ ಮನುಷ್ಯ. ಆ ಡಾಕ್ಟರಿಗೂ ಈ ಅಜ್ಜನಿಗೂ ನಡುವೆ ಸೇತುವೆಯಾಗುವವಳು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಆಸಾವರಿ. ‘ಇನ್ನು ನಿನಗೆ ಕಾಣಿಸುವುದಿಲ್ಲ’ ಎಂದು ಆ ಮಗುವಿಗೆ ಹೇಳುವುದು ಯಾರು? ಇದು ಚಿತ್ರ ಎತ್ತುವ ಪ್ರಶ್ನೆಗಳಲ್ಲೇ ಅತ್ಯಂತ ಗಟ್ಟಿಯಾದದ್ದು. ಮಕ್ಕಳಿಂದ ಎಲ್ಲವನ್ನೂ ಮುಚ್ಚಿಡುವುದೇ ಪ್ರೀತಿ ಎಂದುಕೊಂಡಿರುವ ನಮ್ಮ ಮನೆಗಳಿಗೆ ಈ ಪ್ರಶ್ನೆ ನೇರವಾಗಿ ತಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ದಿನ ಅಜ್ಜ, ಮೊಮ್ಮಗ ಇಬ್ಬರೂ ಆಸ್ಪತ್ರೆಯಿಂದ ಕಾಣೆಯಾಗುತ್ತಾರೆ. ಕತ್ತಲಾಗುವ ಮೊದಲು ಲೋಕವನ್ನು ಒಮ್ಮೆ ತೋರಿಸಿಬಿಡಬೇಕೆಂಬುದು ಮುದುಕನ ಆಸೆ. ಆಸ್ಪತ್ರೆಯಲ್ಲಿ ಗದ್ದಲವೇಳುತ್ತದೆ, ಹುಡುಕಾಟ ನಡೆಯುತ್ತದೆ. ಕೊನೆಗೆ ಅವರು ಮರಳುತ್ತಾರೆ. ಚಿತ್ರದ ಸೊಗಸೆಲ್ಲ ಈ ಭಾಗದಲ್ಲಿದೆ. ನಮ್ಮ ತಕರಾರು ಹುಟ್ಟುವುದೂ ಇಲ್ಲಿಂದಲೇ.

ಯಾಕೆಂದರೆ ನಿಜವಾದ ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಖಾಲಿಯಾಗುವುದಕ್ಕೆ ಹೆಚ್ಚಾಗಿ ಬೇರೆಯೇ ಕಾರಣಗಳಿರುತ್ತವೆ. ದುಡ್ಡು ಮುಗಿದಿರುತ್ತದೆ. ಊರಿನಲ್ಲಿ ಇನ್ನಿಬ್ಬರು ಮಕ್ಕಳು ಅಜ್ಜಿಯ ಕೈಯಲ್ಲಿರುತ್ತಾರೆ. ಎರಡು ತಿಂಗಳಿಂದ ತಂದೆಯ ಕೂಲಿ ನಿಂತಿರುತ್ತದೆ. ಹೀಗೆ ಹೋದವರಲ್ಲಿ ಅನೇಕರು ಮರಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗಲಿದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತ ಕಡಿಮೆ. ರೋಗ ಅದೇ. ತಡವಾಗಿ ಪತ್ತೆಯಾಗುವುದು, ಔಷಧಿ ಸಿಗದಿರುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳು. ಅಜ್ಜನ ಒಂದು ದಿನದ ಪಲಾಯನ ನಮ್ಮನ್ನು ಕರಗಿಸುತ್ತದೆ, ನಿಜ. ಆದರೆ ಅವನು ಊರಿನ ಬಸ್ಸು ಹತ್ತಿಬಿಟ್ಟಿದ್ದರೆ?

ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ರಕ್ತದ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಅದರ ಚಿಕಿತ್ಸೆ ಎರಡು, ಮೂರು ವರ್ಷ ನಡೆಯುತ್ತದೆ. ಇಂದು ಸರಕಾರದ ನೆರವು ಇಲ್ಲವೆಂದಲ್ಲ. ಕರ್ನಾಟಕದಲ್ಲಿ 2018ರಿಂದ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆಯಿದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರಿಯಾಯಿತಿ ಇದೆ. ಆದರೆ ಬೀದರ್‌ನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದ ತಾಯಿಯ ಬಾಡಿಗೆ ಕೋಣೆ, ಎರಡು ಹೊತ್ತಿನ ಊಟ, ಆಟೋ, ತಂದೆ ಕಳೆದುಕೊಂಡ ಸಂಬಳ, ಅಕ್ಕ ಬಿಟ್ಟ ಶಾಲೆ, ಇವು ಯಾವ ಯೋಜನೆಯ ಪಟ್ಟಿಯಲ್ಲೂ ಬರುವುದಿಲ್ಲ. ಒತ್ತೆಯಿಟ್ಟ ಬಳೆ, ಮಾರಿದ ಹಸು, ಕೈಸಾಲ ಕೇಳಿದ ಮೇಲೆ ಬದಲಾದ ಬಂಧುವಿನ ದನಿ, ಇವೆಲ್ಲ ಕಥೆಯ ಹಿನ್ನೆಲೆಯಲ್ಲ, ಕಥೆಯೇ. ‘ಶ್ವಾಸ್’ ಇದನ್ನೆಲ್ಲ ಮುಟ್ಟಿಯೂ ಮುಟ್ಟದಂತೆ ದಾಟಿಹೋಗುತ್ತದೆ. ಅಲ್ಲಿ ಅಜ್ಜನ ತೊಳಲಾಟವಿರುವುದು ಕಣ್ಣೋ ಜೀವವೋ ಎಂಬುದರಲ್ಲಿ. ಬಡವರ ಮನೆಯಲ್ಲಿ ಅದರ ಬೆನ್ನಿಗೇ ಇನ್ನೊಂದು ತೊಳಲಾಟವಿರುತ್ತದೆ: ಈ ಮಗುವೋ, ಉಳಿದ ಮಕ್ಕಳ ಅನ್ನವೋ.

ಚಿತ್ರದ ಹೊರಗೆ ನಡೆದ ಒಂದು ಸಂಗತಿಯೂ ಇಲ್ಲಿ ನೆನಪಾಗುತ್ತದೆ. ‘ಶ್ವಾಸ್’ ಭಾರತದ ಅಧಿಕೃತ ಪ್ರವೇಶವಾಗಿ ಆಸ್ಕರ್‌ಗೆ ಹೋದಾಗ ಪ್ರಚಾರಕ್ಕೆ ತಂಡದ ಬಳಿ ಹಣವಿರಲಿಲ್ಲ. ಸಾರ್ವಜನಿಕರು ಚಂದಾ ಎತ್ತಿ ಕೊಟ್ಟರು. ಅಂತಿಮ ಪಟ್ಟಿಯಲ್ಲಿ ಸ್ಥಾನ ಸಿಗಲಿಲ್ಲವೆಂಬುದು ಬೇರೆ ಮಾತು. ಜನ ಉದಾರಿಗಳೆಂಬುದಕ್ಕೆ ಇದು ಸಾಕ್ಷಿ. ಆದರೆ ಕೊಡಬೇಕೆಂಬ ಮನಸ್ಸು ಬರಲು ನಮಗೆ ಏನು ಕಾಣಬೇಕು? ಇಂದು ಮೊಬೈಲಿನಲ್ಲಿ ದಿನಕ್ಕೊಂದು ಮನವಿ ಬರುತ್ತದೆ: ಕೂದಲುದುರಿದ ಮಗು, ಮೂಗಿಗೆ ನಳಿಕೆ, ಪಕ್ಕದಲ್ಲಿ ಅಳುವ ತಾಯಿ. ಜುಮಾ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಫೈಲು ಹಿಡಿದು ನಿಂತ ತಂದೆಯನ್ನು ನಾವು ಕಂಡಿದ್ದೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವ ಸಮಾಜದಲ್ಲೇ ಚೆಕ್ಕು ಕೊಡುವ ಫೋಟೋದಲ್ಲಿ ಮಗುವೂ ನಿಲ್ಲಬೇಕಾಗುತ್ತದೆ. ಮುಂದೆ ಗುಣವಾಗಿ ಶಾಲೆಗೆ ಹೋದಾಗ ಆ ಫೋಟೋ ಅದರ ಬೆನ್ನಿಗಿರುತ್ತದೆ. ಜಮಾತಿನವರು, ಸಂಘದವರು ಝಕಾತ್ ಹಣವನ್ನಾಗಲಿ ಚಂದಾವನ್ನಾಗಲಿ ಸದ್ದಿಲ್ಲದೆ ತಿಂಗಳ ಕೋಣೆ ಬಾಡಿಗೆಯಾಗಿ, ಊಟವಾಗಿ ತಲುಪಿಸಿದರೆ ಮಗುವಿನ ಮಾನ ಉಳಿಯುತ್ತದೆ, ಚಿಕಿತ್ಸೆಯೂ ಅರ್ಧಕ್ಕೆ ನಿಲ್ಲುವುದಿಲ್ಲ.

ಈ ವಿಷಯದಲ್ಲಿ ‘ಶ್ವಾಸ್’ ನಮಗೆ ಪಾಠ. ಪರಶುರಾಮನ ಕಣ್ಣನ್ನು ತೋರಿಸಿ ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಕೊನೆಯಲ್ಲಿ ಕಪ್ಪು ಕನ್ನಡಕ ಹಾಕಿ ದೋಣಿಯಲ್ಲಿ ಊರಿಗೆ ಮರಳುವ ಆ ಹುಡುಗ ಸೋತವನಂತೆ ಕಾಣುವುದೂ ಇಲ್ಲ. ಮಗುವಿನ ಮಾನವನ್ನು ಕಾಯುವ ಈ ನೋಟ, ಖರ್ಚಿನ ಲೆಕ್ಕವನ್ನು ಮುಚ್ಚಿಡದ ಪ್ರಾಮಾಣಿಕತೆ, ಇವೆರಡೂ ಕೂಡಿದ ಕೃತಿ ಕನ್ನಡದಲ್ಲಿ ಬರಬೇಕು. ಅದಕ್ಕೆ ಬೇಕಾದ ವಸ್ತು ನಮ್ಮ ದೊಡ್ಡ ಆಸ್ಪತ್ರೆಗಳ ಹೊರಗಿನ ಬಾಡಿಗೆ ಕೋಣೆಗಳಲ್ಲಿ, ಬಸ್ ಟಿಕೆಟ್ ಮತ್ತು ಮದ್ದಿನ ಚೀಟಿಗಳನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡ ತಾಯಂದಿರ ಬಳಿ ಇದೆ.