ಬೆರಳುದ್ದದ ಗೊಂಬೆ

ಸುಮಾರು ಎಪ್ಪತ್ತು ಸಾವಿರ ಜನರ ನಡುವೆ ನಿಂತು ಹಾಡುವವಳಿಗೆ ಕಟ್ಟಕಡೆಯ ಸಾಲಿನವರೇ ಪರೀಕ್ಷಕರು. ಅಲ್ಲಿಂದ ನೋಡಿದರೆ ಅವಳೊಂದು ಬೆರಳುದ್ದದ ಗೊಂಬೆ. ದೊಡ್ಡ ದೊಡ್ಡ ಪರದೆಗಳೇನೋ ಇರುತ್ತವೆ. ಆದರೂ ಕಣ್ಣು ಗೊಂಬೆಗೂ ಪರದೆಗೂ ನಡುವೆ ಓಡಾಡುತ್ತಲೇ ಇರಬೇಕು. 'ಟೇಲರ್ ಸ್ವಿಫ್ಟ್: ದಿ ಎರಾಸ್ ಟೂರ್' ಚಿತ್ರದಲ್ಲಿ ನಿರ್ದೇಶಕ ಸ್ಯಾಮ್ ರೆಂಚ್ ಈ ಓಡಾಟವನ್ನು ತಪ್ಪಿಸಿದ್ದಾರೆ. ಎಲ್ಲರಿಗೂ ಮೊದಲ ಸಾಲಿನ ಕುರ್ಚಿ. ಅದರಿಂದ ಸಿಕ್ಕಿದ್ದು ಬಹಳ. ಕಳೆದುಹೋದದ್ದೂ ಇದೆ.

2023ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನ ಸೋಫೈ ಕ್ರೀಡಾಂಗಣದಲ್ಲಿ ನಡೆದ ಕಚೇರಿಗಳನ್ನು ಚಿತ್ರೀಕರಿಸಿ ಅಕ್ಟೋಬರ್ 13ಕ್ಕೆ ಅಮೆರಿಕದಲ್ಲಿ ತೆರೆಗೆ ತಂದರು. ನವೆಂಬರ್ 3ಕ್ಕೆ ಅದು ನಮ್ಮ ದೇಶಕ್ಕೆ ಬಂತು. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ಈ ಪ್ರವಾಸದಲ್ಲಿ ನಡೆದ ಕಚೇರಿಗಳು 149. ಭಾರತದಲ್ಲಿ ಒಂದೂ ಇಲ್ಲ. ಸಿಂಗಪುರಕ್ಕೆ ಬಂದು ಆರು ರಾತ್ರಿ ಹಾಡಿದವಳು ಅಲ್ಲಿಂದಲೇ ಹಿಂದಿರುಗಿದಳು. ಹಾಗಾಗಿ ನಮ್ಮ ಹುಡುಗಿಯರಿಗೆ ಸಿನಿಮಾ ಮಂದಿರವೇ ಕ್ರೀಡಾಂಗಣವಾಯಿತು. ನಾನು ನೋಡಿದ್ದು ಬೆಂಗಳೂರಿನಲ್ಲಿ, ಕಾಲೇಜಿಗೆ ಹೋಗುವ ತಮ್ಮನ ಮಗಳೊಂದಿಗೆ. "ಅತ್ತೆ, ಮಾತು ಗೊತ್ತಾಗ್ಲಿಲ್ಲ ಅಂದ್ರೆ ನನ್ನ ಕೇಳಿ" ಎಂದಳು. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ! ಇರಲಿ.

'ಟಾಲರೇಟ್ ಇಟ್' ಎಂಬ ಹಾಡನ್ನು ತೆಗೆದುಕೊಳ್ಳಿ. ವೇದಿಕೆಯ ಮೇಲೆ ಉದ್ದನೆಯ ಊಟದ ಮೇಜು. ಒಂದು ತುದಿಯಲ್ಲಿ ಗಂಡಸೊಬ್ಬ ಕುಳಿತಿದ್ದಾನೆ. ಅವಳು ಮೇಜನ್ನು ಅಣಿಮಾಡಿ ಅವನ ಮುಖ ನೋಡುತ್ತಾಳೆ. ಅವನು ಗಮನಿಸುವುದಿಲ್ಲ. ಕೊನೆಗೆ ಅವಳು ಮೇಜಿನ ಮೇಲೇ ಹತ್ತಿ, ತಾನು ಜೋಡಿಸಿದ್ದನ್ನೆಲ್ಲ ತಳ್ಳಿ, ಅವನತ್ತ ಸಾಗುತ್ತಾಳೆ. ದಾಫ್ನೆ ದು ಮಾರಿಯೇ ಬರೆದ 'ರೆಬೆಕಾ' ಓದಿದ ಮೇಲೆ ಹುಟ್ಟಿದ ಹಾಡಿದು ಎಂದು ಸ್ವಿಫ್ಟ್ ಹೇಳಿದ್ದಾರೆ. ಬಿ.ಎ.ಯಲ್ಲಿದ್ದಾಗ ನಾನೂ ಅದನ್ನು ಓದಿದ್ದೆ. ಕಡೆಯವರೆಗೂ ಹೆಸರೇ ಇಲ್ಲದ ಆ ನಾಯಕಿಯ ಅಳುಕು ಇನ್ನೂ ನೆನಪಿದೆ. ಬಡಿಸಿದ ಮೇಲೆ 'ಸಾರು ಹೇಗಾಗಿದೆ' ಎಂದು ಕೇಳಲೂ ಹಿಂಜರಿದು ಬಾಗಿಲ ಬಳಿ ನಿಂತ ಹೆಂಗಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಡೆಯ ಸಾಲಿನಿಂದ ನೋಡಿದವರಿಗೆ ಇಲ್ಲಿ ಸಿಗುವುದು ಒಂದು ಮೇಜು, ಒಂದು ಗೊಂಬೆ. ಕ್ಯಾಮೆರಾ ಅವಳ ಕಣ್ಣಿನ ಹತ್ತಿರಕ್ಕೆ ಹೋದದ್ದರಿಂದ ಆ ಅಳುಕು, ಆಮೇಲಿನ ಸಿಟ್ಟು, ಎರಡೂ ನನಗೆ ದಕ್ಕಿದವು.

ಆದರೆ ಇದೇ ಕ್ಯಾಮೆರಾ ಅಳುವ ಹುಡುಗಿಯರ ಹತ್ತಿರಕ್ಕೂ ಹೋಗುತ್ತದೆ. ಅವರಲ್ಲಿ ತಪ್ಪೇನಿಲ್ಲ. ಹಾಡು ಕೇಳಿ ಅಳುವುದೇ ಎಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಕ್ರಿಕೆಟ್ ಪಂದ್ಯ ಸೋತಾಗ ರಾತ್ರಿ ಊಟ ಬಿಟ್ಟವರೂ ಅವರೇ. ಹದಿನೈದು ವರ್ಷದ ಹುಡುಗಿಗೆ ಗೆಳತಿ ಮಾತು ಬಿಟ್ಟದ್ದು, ಯಾರೋ ತಿರುಗಿ ನೋಡದೆ ಹೋದದ್ದು ಸಣ್ಣ ಸಂಗತಿಯಲ್ಲ ಎಂಬುದು ತರಗತಿಯಲ್ಲಿ ನಿಂತವರಿಗೆ ಗೊತ್ತು. ಆ ನೋವಿಗೆ ಈಕೆ ಮಾತು ಕೊಟ್ಟಿದ್ದಾಳೆ, ವ್ಯಾಕರಣ ತಪ್ಪದ ಅಚ್ಚುಕಟ್ಟಾದ ಮಾತು. ನನ್ನ ತಕರಾರಿರುವುದು ಸಂಕಲನದ ಮೇಲೆ. ಹಾಡು ತನ್ನ ಕೆಲಸ ಮಾಡುತ್ತಿರುವಾಗಲೇ ಒದ್ದೆ ಕಣ್ಣೊಂದನ್ನು ತೋರಿಸಿ, ಈಗ ನೀವೂ ಅಳಬಹುದು ಎಂದು ಸನ್ನೆ ಮಾಡಿದಂತಾಗುತ್ತದೆ. ನನ್ನ ಪಕ್ಕದಲ್ಲಿ ಕುಳಿತವಳಿಗೆ ಆ ಸನ್ನೆ ಬೇಕಿರಲಿಲ್ಲ.

ಇನ್ನೊಂದು ಮಾತು. ಮೂರು ಗಂಟೆಗೂ ಮೀರಿದ ಕಚೇರಿಯನ್ನು ಎರಡೂ ಮುಕ್ಕಾಲು ಗಂಟೆಯ ಆಸುಪಾಸಿಗೆ ಇಳಿಸಿದ್ದಾರೆ. 'ಕಾರ್ಡಿಗನ್', 'ದಿ ಆರ್ಚರ್' ಮುಂತಾದ ಹಾಡುಗಳಿಗೆ ಕತ್ತರಿ ಬಿತ್ತು. ಅದಕ್ಕಿಂತ ನನಗೆ ಕೊರತೆಯೆನಿಸಿದ್ದು ವೇಷ ಬದಲಿಸುವ ನಡುವಿನ ಹೊತ್ತನ್ನು ಮೊಟಕುಗೊಳಿಸಿದ್ದು. ಯಕ್ಷಗಾನ ನೋಡಿ ಬೆಳೆದವಳು ನಾನು. ಒಂದು ವೇಷ ಒಳಗೆ ಹೋಗಿ ಇನ್ನೊಂದು ಬರುವವರೆಗೆ ಚೆಂಡೆ ನುಡಿಯುತ್ತದೆ, ನಾವು ಕಾಯುತ್ತೇವೆ, ಆ ಕಾಯುವಿಕೆಯಿಂದಲೇ ಬರುವ ವೇಷಕ್ಕೆ ತೂಕ. ಇಲ್ಲಿ ಪಾಚಿ ಹತ್ತಿದ ಕಾಡಿನ ಮನೆಯಿಂದ ಬೇರೊಂದು ಲೋಕಕ್ಕೆ ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತೇವೆ. ಆಗ ಮೂವತ್ತಮೂರರ ಹೆಣ್ಣೊಬ್ಬಳು ಓಡಿ, ಬೆವರೊರೆಸಿ, ಉಡುಗೆ ಬದಲಿಸಿ, ಉಸಿರು ಹಿಡಿದು ಮತ್ತೆ ಬಂದು ಹಾಡಿದಳೆಂಬುದು ಮರೆತೇ ಹೋಗುತ್ತದೆ. ಕೆಲಸ ಕಾಣಿಸದಂತೆ ಕೆಲಸ ಮಾಡುವುದು ಹೆಂಗಸರಿಗೆ ಹೊಸದಲ್ಲ, ಆದರೆ ಸಿನಿಮಾ ಕೂಡ ಅದಕ್ಕೆ ಕೈಜೋಡಿಸಬೇಕಿತ್ತೇ?

'ಆಲ್ ಟೂ ವೆಲ್' ಹಾಡಿನಲ್ಲಿ ಮಾತ್ರ ಈ ಆತುರ ನನ್ನನ್ನು ತಟ್ಟಲಿಲ್ಲ. ಹತ್ತು ನಿಮಿಷದ ಹಾಡು. ಕೆಂಪು ಕಪ್ಪು ಮಿನುಗುವ ಉದ್ದನೆಯ ಕೋಟು, ಕೈಯಲ್ಲಿ ಗಿಟಾರ್, ಸುತ್ತ ನರ್ತಕರಿಲ್ಲ. ಹಳೆಯ ಪ್ರೇಮವೊಂದರ ಲೆಕ್ಕವನ್ನು ಒಂದೊಂದೇ ವಸ್ತು ಎತ್ತಿ ತೋರಿಸುತ್ತಾ ಹೇಳುತ್ತಾಳೆ. ಮಂದಿರದಲ್ಲಿ ಅಷ್ಟು ಹೊತ್ತು ಕುಣಿಯುತ್ತಿದ್ದವರೂ ನಿಂತಲ್ಲೇ ನಿಂತು ಹಾಡಿದರು, ಒಂದಕ್ಷರ ತಪ್ಪದೆ. ಮಗ್ಗಿ ಹೇಳಿಸುವಾಗ ನನಗೆ ಎಂದೂ ಸಿಗದ ಒಕ್ಕೊರಲು ಅದು.

ಹಾಡುಗಾರ್ತಿ ತಡವರಿಸಿದ, ಎಡವಟ್ಟಾಗಿ ನಕ್ಕ ತುಣುಕುಗಳನ್ನು ಕಟ್ಟಕಡೆಗೆ, ಹೆಸರುಗಳು ಮೂಡುವಾಗ ಸೇರಿಸಿದ್ದಾರೆ. ಅಷ್ಟರಲ್ಲಿ ಅರ್ಧ ಜನ ಚೀಲ ಹುಡುಕುತ್ತಾ ಎದ್ದಾಗಿತ್ತು. 2024ರ ಮಾರ್ಚ್‌ನಲ್ಲಿ ಡಿಸ್ನಿ ಪ್ಲಸ್‌ಗೆ ಬಂದ ಪ್ರತಿಯಲ್ಲಿ 'ಕಾರ್ಡಿಗನ್' ಮರಳಿ ಬಂದಿದೆ ಎಂದು ತಮ್ಮನ ಮಗಳು ಫೋನು ಮಾಡಿ ತಿಳಿಸಿದಳು. ಆ ತುಣುಕುಗಳನ್ನೂ ನಡುವಿಗೆ ತಂದಿದ್ದಾರೆಯೇ ಎಂದು ನಾನು ಕೇಳಿದೆ.